ಬೆಟ್ಟದ ದಾರಿಯಲ್ಲಿ ಸದ್ದಿಲ್ಲದೆ ನಡೆದು ಕಾಡನ್ನು ಕೇಳುವುದು ಹೇಗೆ? ಪಶ್ಚಿಮಘಟ್ಟದ ಚಾರಣಿಗರಿಗೊಂದು ಸಮಗ್ರ ಮಾರ್ಗದರ್ಶಿ

ಕುದುರೆಮುಖವನ್ನೋ ಕುಮಾರಪರ್ವತವನ್ನೋ ಹತ್ತಿ ಬಂದವರನ್ನು ಮಾತಾಡಿಸಿ. ಏನೇನು ಕಂಡಿತು ಅಂತ ಗಂಟೆಗಟ್ಟಲೆ ಹೇಳುತ್ತಾರೆ, ಫೋಟೊ ತೋರಿಸುತ್ತಾರೆ. ಏನೇನು ಕೇಳಿಸಿತು ಅಂದರೆ ಮಾತ್ರ ತಡವರಿಸುತ್ತಾರೆ. ತೊರೆಯ ಸದ್ದು, ಗಾಳಿ, ಅಷ್ಟಕ್ಕೇ ಮುಗಿಯಿತು. ಅದೇ ದಿನ ಅದೇ ದಾರಿಯಲ್ಲಿ ಸಿಳ್ಳಾರ ಹಾಡಿರುತ್ತದೆ, ಮಂಗಟ್ಟೆ ನಕ್ಕಿರುತ್ತದೆ, ಕೆಂಜಳಿಲು ಮರದ ತುದಿಯಿಂದ ಬೈದಿರುತ್ತದೆ. ನಮ್ಮ ಮಾತು, ಬೂಟು, ಬ್ಯಾಗು, ಜೇಬಿನ ಮೊಬೈಲು ಎಲ್ಲ ಸೇರಿ ಅವನ್ನು ಮುಚ್ಚಿಹಾಕಿರುತ್ತವೆ.

ಬೆಟ್ಟದ ನಿಶ್ಶಬ್ದ ಅದೃಷ್ಟದಿಂದ ಸಿಗುವಂಥದ್ದು ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದನ್ನು ಬಹುಪಾಲು ನಾವೇ ತಯಾರು ಮಾಡಿಕೊಳ್ಳಬೇಕು: ಯಾವ ದಿನ ಹೋಗುತ್ತೇವೆ, ಬ್ಯಾಗಿನಲ್ಲಿ ಏನು ಅಲುಗುತ್ತಿದೆ, ಎಲ್ಲಿ ನಿಲ್ಲುತ್ತೇವೆ, ಎಷ್ಟು ಜನ ಒಟ್ಟಿಗೆ ಮಾತಾಡುತ್ತೇವೆ ಎನ್ನುವುದರಿಂದ. ಕರ್ನಾಟಕದ ಘಟ್ಟದ ದಾರಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸದ್ದು ಎಷ್ಟು ದೂರ ಹೋಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. ಇದು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಅದು 32 ಮೀಟರ್ ದಾಟುವ ಹೊತ್ತಿಗೆ 30ಕ್ಕೆ ಇಳಿದು ಪಿಸುಮಾತಿನ ಮಟ್ಟಕ್ಕೆ ಬರುತ್ತದೆ. ಹತ್ತು ಜನ ಒಟ್ಟಿಗೆ ಮಾತಾಡಿದರೆ 10 ಡೆಸಿಬೆಲ್ ಹೆಚ್ಚುತ್ತದೆ. ಆಗ ಅದೇ 30ಕ್ಕೆ ಇಳಿಯಲು ನೂರು ಮೀಟರ್ ಬೇಕು. ಒಂದು ಮೀಟರ್‌ನಲ್ಲಿ 80 ಡೆಸಿಬೆಲ್ ಇರುವ ಬ್ಲೂಟೂತ್ ಸ್ಪೀಕರ್ ಹಿಡಿದು ಹುಲ್ಲುಗಾವಲಿನ ಏಣಿನ (ಬೆಟ್ಟದ ನೆತ್ತಿಯ ಸಾಲಿನ) ಮೇಲೆ ನಡೆದರೆ, 128 ಮೀಟರ್ ಆಚೆಗೂ ಅದು 38 ಡೆಸಿಬೆಲ್ ಇರುತ್ತದೆ. ಕಾಡಿನೊಳಗೆ ಎಲೆ, ಕಾಂಡ, ಮಣ್ಣು ಸದ್ದನ್ನು ನುಂಗುವುದರಿಂದ ಇನ್ನೂ ಬೇಗ ಇಳಿಯುತ್ತದೆ. ಬೋಳು ಏಣಿನ ಮೇಲೆ ನುಂಗುವವರು ಯಾರೂ ಇಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ, ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ. ಸುತ್ತಲಿನ ಗದ್ದಲ 6 ಡೆಸಿಬೆಲ್ ಏರಿದರೆ, ಒಂದು ಪ್ರಾಣಿಗೆ ಮೊದಲು ಎಷ್ಟು ದೂರದ ಸದ್ದು ಕೇಳುತ್ತಿತ್ತೋ ಅದರ ಅರ್ಧ ದೂರ ಮಾತ್ರ ಕೇಳುತ್ತದೆ. ಅರ್ಧ ದೂರ ಅಂದರೆ ವಿಸ್ತೀರ್ಣದಲ್ಲಿ ಕಾಲು ಭಾಗ. ಕಾಡುಕುರಿಗೆ ಚಿರತೆಯ ಹೆಜ್ಜೆ, ಗೂಬೆಗೆ ಇಲಿಯ ಓಡಾಟ, ಮರಿಗೆ ತಾಯಿಯ ಕರೆ ಕೇಳಬೇಕಾದ ಜಾಗ ಅಷ್ಟು ಕುಗ್ಗುತ್ತದೆ. ಕೇಳುವ ಸುಖ ಕಳೆದುಕೊಂಡರೆ ನಮಗಾಗುವ ನಷ್ಟ ಸಣ್ಣದು, ಅವುಗಳ ಬದುಕು ನಡೆಯುವುದೇ ಕಿವಿಯ ಮೇಲೆ.

ಯಾವ ದಿನ, ಯಾವ ಹೊತ್ತು

ಶನಿವಾರ ಭಾನುವಾರ ಬೇಡ. ಇದೊಂದನ್ನು ಪಾಲಿಸಿದರೆ ಅರ್ಧ ಕೆಲಸ ಆದಂತೆ. 2024ರ ಜನವರಿ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಸಾಲುಗಟ್ಟಿ ನಿಂತ ಜನರ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕ್ಕಿಂಗ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯನ್ನು ಬಿಗಿ ಮಾಡಿತು. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರ ಮಿತಿ ಇದೆ. ಮಿತಿ ಇರುವುದು ಒಳ್ಳೆಯದೇ. ಆದರೂ ಒಂದೇ ಕಾಲುದಾರಿಯಲ್ಲಿ 300 ಜನ ಅಂದರೆ ಕಿವಿಗೆ ಅದು ಜಾತ್ರೆಯೇ. ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ರಜೆ ಹಾಕಲು ಸಾಧ್ಯವಾದರೆ ಹಾಕಿ. ಬುಕ್ ಮಾಡುವಾಗ ಆ ದಿನ ಎಷ್ಟು ಜಾಗ ಖಾಲಿ ಉಳಿದಿದೆ ಅಂತ ನೋಡಿದರೆ ಜನಸಂದಣಿಯ ಅಂದಾಜು ಅಲ್ಲೇ ಸಿಗುತ್ತದೆ.

ಕಾಲದ ವಿಷಯ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತೊರೆಗಳಲ್ಲಿ ನೀರಿರುತ್ತದೆ, ಗಾಳಿ ತೆಳು, ಚಳಿಗಾಲದ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಫೆಬ್ರುವರಿಯಿಂದ ಮಳೆಗಾಲದವರೆಗೆ ಹಕ್ಕಿಗಳ ಹಾಡಿಗೆ ರಂಗೇರುತ್ತದೆ, ಜೊತೆಗೆ ಜೀರುಂಡೆಯೂ ಶುರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ದಾರಿಗಳನ್ನು ಮುಚ್ಚುವುದುಂಟು, ವಿಚಾರಿಸಿಕೊಂಡೇ ಹೊರಡಿ. ಮಳೆಗಾಲ ಕಪ್ಪೆಗಳದ್ದು. ಆಗ ಹಗಲಿನ ಚಾರಣಕ್ಕಿಂತ ರಾತ್ರಿ ಹೋಮ್‌ಸ್ಟೇ ಜಗಲಿಯಲ್ಲಿ ಕೂತರೇ ಹೆಚ್ಚು ಕೇಳಿಸುತ್ತದೆ.

ಇನ್ನು ಹೊತ್ತು. ಬೆಳಗಿನ ಜಾವ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕೂತಿರುತ್ತದೆ, ಅದರ ಮೇಲೆ ಬೆಚ್ಚನೆಯ ಪದರ. ಮೇಲಕ್ಕೆ ಹೋಗಬೇಕಾದ ಸದ್ದು ಆ ಪದರದಲ್ಲಿ ಬಾಗಿ ಮತ್ತೆ ಕೆಳಕ್ಕೆ ಬರುತ್ತದೆ. ಹಾಗಾಗಿ ಆಚೆ ಗುಡ್ಡದ ಕಾಡುಕೋಳಿ ಕೂಗಿದರೂ ಪಕ್ಕದಲ್ಲೇ ಕೂಗಿದಂತೆ ಕೇಳುತ್ತದೆ. ಬಿಸಿಲೇರಿ ನೆಲ ಕಾದರೆ ಸದ್ದು ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ತೊಂದರೆ ಏನೆಂದರೆ, ಹಕ್ಕಿಗಳ ಮುಂಜಾನೆಯ ಮೇಳ ಶುರುವಾಗುವ ಹೊತ್ತಿಗೆ ಅರಣ್ಯದ ಗೇಟು ತೆರೆದಿರುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭದ್ದು: ಹಿಂದಿನ ರಾತ್ರಿಯೇ ಬುಡದ ಊರು ಸೇರಿಕೊಳ್ಳುವುದು. ಕುದುರೆಮುಖಕ್ಕಾದರೆ ಮುಳ್ಳೋಡಿಯಲ್ಲಿ ಉಳಿದು, ಐದು ಗಂಟೆಗೆ ಎದ್ದು, ಲೈಟು ಹಾಕದೆ ಅಂಗಳಕ್ಕೆ ಬಂದು ಕೂರಿ. ಮೇಳದ ಮೊದಲ ಭಾಗ ಅಲ್ಲೇ ಕೇಳಿಸುತ್ತದೆ. ತಿಂಡಿ, ಗೈಡ್, ಚೆಕ್‌ಪೋಸ್ಟು ಎಲ್ಲ ಆಮೇಲೆ.

ಬ್ಯಾಗಿನ ಸದ್ದು ಇಳಿಸುವುದು

ಮನೆಯಲ್ಲೇ ಮಾಡಬೇಕಾದ ಕೆಲಸ ಇದು. ಎಲ್ಲ ತುಂಬಿದ ಬ್ಯಾಗನ್ನು ಹೆಗಲಿಗೇರಿಸಿ, ಫ್ಯಾನ್ ಆರಿಸಿ, ಮೆಟ್ಟಿಲು ಹತ್ತಿ ಇಳಿಯಿರಿ. ಪಕ್ಕದಲ್ಲಿ ಇನ್ನೊಬ್ಬರು ಕಣ್ಣು ಮುಚ್ಚಿ ನಿಂತು, ಯಾವ ಮೂಲೆಯಿಂದ ಏನು ಸದ್ದು ಬರುತ್ತಿದೆ ಅಂತ ಹೇಳಲಿ. ನಮ್ಮ ಬ್ಯಾಗಿನ ಸದ್ದು ನಮಗೆ ರೂಢಿಯಾಗಿರುತ್ತದೆ, ಬೇರೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವು ಇವು. ಹೊರಗೆ ಕೊಕ್ಕೆಗೆ ನೇತುಹಾಕಿದ ಸ್ಟೀಲ್ ಲೋಟ: ಒಳಗಿಡಿ. ಅರ್ಧ ತುಂಬಿದ ನೀರಿನ ಬಾಟಲಿ: ಒಂದು ದೊಡ್ಡದರ ಬದಲು ಎರಡು ಸಣ್ಣವನ್ನು ಒಯ್ದು, ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ತೆರೆಯಿರಿ. ಕುಲುಕಾಟ ಬಹಳಷ್ಟು ಕಡಿಮೆಯಾಗುತ್ತದೆ. ನೀರಿನ ಬ್ಲ್ಯಾಡರ್ (ನಳಿಗೆಯಿಂದ ಹೀರಿ ಕುಡಿಯುವ ಚೀಲ) ಇದ್ದರೆ ತುಂಬಿದ ಮೇಲೆ ತಲೆಕೆಳಗು ಮಾಡಿ ಒಳಗಿನ ಗಾಳಿಯನ್ನು ಹೀರಿ ತೆಗೆಯಿರಿ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳ ಸರಸರ ಕಾಡಿನೊಳಗೆ ವಿಚಿತ್ರವಾಗಿ ದೊಡ್ಡದಾಗುತ್ತದೆ. ಚಕ್ಕುಲಿ, ಕಡಲೆಕಾಯಿ, ಬೆಲ್ಲ ಏನಿದ್ದರೂ ಬಟ್ಟೆಚೀಲಕ್ಕೆ ಸುರಿದುಕೊಂಡರೆ ಕಸದ ತಾಪತ್ರಯವೂ ತಪ್ಪಿತು. ಡಬ್ಬಿ ಬೇಕೇ ಬೇಕೆಂದರೆ ಬೈರಾಸಿನಲ್ಲಿ ಸುತ್ತಿ. ಕೀಲಿಗೊಂಚಲು, ಚಿಲ್ಲರೆ ಕಾಸು ಒಂದು ಕಾಲುಚೀಲದೊಳಗೆ. ಬ್ಯಾಗಿನ ಬಾಲಗಳಂಥ ಪಟ್ಟಿಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮೊಬೈಲು ಫ್ಲೈಟ್ ಮೋಡ್‌ನಲ್ಲಿರಲಿ, ಕ್ಯಾಮೆರಾದ ಕ್ಲಿಕ್ ಸದ್ದು ಆಫ್ ಆಗಿರಲಿ.

ಊರುಗೋಲಿನ ವಿಷಯಕ್ಕೆ ಬಂದರೆ, ಟ್ರೆಕ್ಕಿಂಗ್ ಪೋಲ್‌ನ ಲೋಹದ ತುದಿ ಬಂಡೆಗೆ ತಾಗಿದಾಗಲೆಲ್ಲ ಟಕ್ ಟಕ್ ಎನ್ನುತ್ತದೆ, ಅದು ಬಹಳ ದೂರ ಹೋಗುವ ಸದ್ದು. ಒಣ ಬಂಡೆಯ ಮೇಲೆ ರಬ್ಬರ್ ಟೋಪಿ ಹಾಕಿಕೊಳ್ಳಿ, ಜಾರುವ ಮಣ್ಣಿನಲ್ಲಿ ತೆಗೆಯಿರಿ. ಪೋಲ್ ಇಲ್ಲದವರು ದಾರಿಬದಿಯ ಗಿಡ ಮುರಿಯಬೇಡಿ. ಹೋಮ್‌ಸ್ಟೇ ಮನೆಯ ಮೂಲೆಯಲ್ಲಿ ಹಳೆಯ ಕೋಲು ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಮಳೆಯ ಉಡುಪು ಎಲ್ಲಕ್ಕಿಂತ ಕಷ್ಟದ್ದು. ಪ್ಲಾಸ್ಟಿಕ್ ಪಾಂಚೊ ಹೊದ್ದವರಿಗೆ ಮಳೆ ಬಿದ್ದರೆ ತಲೆಯ ಮೇಲಿನ ಪಟಪಟ ಬಿಟ್ಟು ಬೇರೇನೂ ಕೇಳುವುದಿಲ್ಲ. ಮಲೆನಾಡಿನ ಗದ್ದೆ ಕೆಲಸದವರು ಹೊದೆಯುವ ಕಂಬಳಿಕೊಪ್ಪೆಯ ಮೇಲೆ ಅದೇ ಮಳೆ ಸದ್ದಿಲ್ಲದೆ ಇಂಗುತ್ತದೆ. ದಪ್ಪ ಕಂಬಳಿ ಹೊತ್ತು ಶಿಖರ ಹತ್ತುವುದು ಎಲ್ಲರಿಗೂ ಆಗದು, ನಾನೂ ಒತ್ತಾಯಿಸುವುದಿಲ್ಲ. ಮೆದು ಬಟ್ಟೆಯ ರೇನ್ ಜಾಕೆಟ್ ಕೊಳ್ಳಿ, ಮಳೆ ಹನಿಯುವಷ್ಟೇ ಇದ್ದಾಗ ಟೋಪಿ ಹಿಂದಕ್ಕೆ ಸರಿಸಿ ಕಿವಿ ಹೊರಗೆ ಬಿಡಿ. ಅಂಗಡಿಯಲ್ಲಿ ಜಾಕೆಟ್ ಆರಿಸುವಾಗ ತೋಳನ್ನು ಒಂದಕ್ಕೊಂದು ಉಜ್ಜಿ ಕೇಳಿಯೇ ದುಡ್ಡು ಕೊಡಿ.

ಕಿವಿಗೆ ಸ್ವಲ್ಪ ಬಿಡುವು

ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಕಳಸದ ಕಡೆಯಿಂದ ಜೀಪು ಹತ್ತಿ, ಇಳಿದ ಕೂಡಲೇ ನಡೆಯತೊಡಗಿದರೆ ಕಿವಿ ಮಂದವಾಗಿರುತ್ತದೆ. ದೊಡ್ಡ ಸದ್ದಿನಲ್ಲಿ ಗಂಟೆಗಟ್ಟಲೆ ಇದ್ದ ಕಿವಿಗೆ ಸಣ್ಣ ಸದ್ದು ಹಿಡಿಯಲು ಸಮಯ ಬೇಕು. ಬೈಕಿನಲ್ಲಿ ಬರುವವರಿಗಂತೂ ಹೆಲ್ಮೆಟ್ಟಿನೊಳಗೆ ನುಗ್ಗುವ ಗಾಳಿಯ ಸದ್ದೇ ಕಿವಿಗೆ ದೊಡ್ಡ ಹೊರೆ. ಅವರು ಇಯರ್‌ಪ್ಲಗ್ ಹಾಕಿಕೊಂಡು ಬರುವುದು ಒಳ್ಳೆಯದು. ಹಿಂದಿನ ದಿನ ಬಂದು ಉಳಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ನಡೆಯುವ ರೀತಿ

ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡು ನಡೆಯಿರಿ ಅಂದರೆ ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಗೆಳೆಯರೊಂದಿಗೆ ಬೆಟ್ಟ ಹತ್ತುವುದರಲ್ಲಿ ಮಾತಿನದೂ ಒಂದು ಪಾಲಿದೆ. ದಾರಿಯನ್ನು ತುಂಡು ಮಾಡಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ: ಹುಲ್ಲುಗಾವಲಿನ ಏರಿನಲ್ಲಿ ಮೆಲ್ಲಗೆ ಮಾತು, ಶೋಲಾದೊಳಗೆ, ಅಂದರೆ ಬೆಟ್ಟದ ಮಡಿಕೆಗಳಲ್ಲಿನ ದಟ್ಟ ಕಾಡಿನೊಳಗೆ, ಕಾಲಿಟ್ಟ ಕೂಡಲೇ ಮೌನ. ಕುದುರೆಮುಖದ ದಾರಿ ಇದಕ್ಕೆ ಹೇಳಿ ಮಾಡಿಸಿದ್ದು. ಒಂಟಿಮರದ ಆಸುಪಾಸಿನ ಬಯಲು, ಮತ್ತೆ ಕಾಡಿನ ಪಟ್ಟಿ, ತೊರೆ, ಮತ್ತೆ ಬಯಲು ಹೀಗೆ ಬದಲಾಗುತ್ತಲೇ ಇರುತ್ತದೆ. ಕಾಡಿನ ಅಂಚೇ ಸೂಚನೆ, ಯಾರೂ ಯಾರನ್ನೂ ಸುಮ್ಮನಿರಿಸಬೇಕಿಲ್ಲ.

ಕಾಡಿನೊಳಗೆ ಇಬ್ಬರ ನಡುವೆ ಹತ್ತು ಹದಿನೈದು ಹೆಜ್ಜೆ ಅಂತರವಿರಲಿ. ಅಂಟಿಕೊಂಡು ನಡೆದರೆ ಮಾತು ತಾನಾಗಿ ಹುಟ್ಟುತ್ತದೆ, ಮುಂದಿನವರ ಬೂಟಿನ ಸದ್ದೇ ಕಿವಿ ತುಂಬುತ್ತದೆ. ಹಿಂದಿನವರು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಕವಲು ಬಂದಲ್ಲಿ ಎಲ್ಲರೂ ಸೇರುವವರೆಗೆ ನಿಲ್ಲಿ. ಮುಷ್ಟಿ ಎತ್ತಿದರೆ ನಿಲ್ಲಿ, ಕಿವಿಗೆ ಕೈ ಹಚ್ಚಿದರೆ ಕೇಳಿ, ಅಂಗೈಯನ್ನು ಹಿಂದಕ್ಕೆ ತಳ್ಳಿದರೆ ಮೆಲ್ಲಗೆ ಹಿಂದೆ ಸರಿಯಿರಿ. ಈ ಮೂರು ಸನ್ನೆ ಹೊರಡುವಾಗಲೇ ಗೊತ್ತುಮಾಡಿಕೊಳ್ಳಿ.

ಚಳಿ ಮುಗಿಯುವ ಹೊತ್ತಿಗೆ ದಾರಿಯ ಮೇಲೆ ತರಗೆಲೆ ಹಾಸಿರುತ್ತದೆ. ಆಗ ಬೇರು, ಬಂಡೆ, ತುಳಿದು ಗಟ್ಟಿಯಾದ ಮಣ್ಣು ಇವುಗಳ ಮೇಲೇ ಕಾಲಿಡಿ. ಕಾಲನ್ನು ಎಳೆಯದೆ ಎತ್ತಿ ಇಡಿ. ಆದರೆ ಸದ್ದು ತಪ್ಪಿಸುವ ಆಸೆಗೆ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ನಡೆಯಬೇಡಿ. ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ, ಸವೆದ ಹುಲ್ಲು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಕೂತು ಕೇಳುವುದು

ಎಲ್ಲ ತಯಾರಿಯೂ ಈ ಹದಿನೈದು ನಿಮಿಷಕ್ಕಾಗಿ. ಒಂದು ಚಾರಣದಲ್ಲಿ ಇಂಥ ಎರಡು ಬೈಠಕ್ ಮಾಡಿದರೆ ಧಾರಾಳವಾಯಿತು.

ಜಾಗ ಆರಿಸುವುದರಲ್ಲೇ ಹೆಚ್ಚಿನವರು ಎಡವುವುದು. ಎಲ್ಲರೂ ದಣಿವಾರಿಸಿಕೊಳ್ಳಲು ಕೂರುವುದು ತೊರೆಯ ಪಕ್ಕ, ಇಲ್ಲವೇ ಶಿಖರದ ತುದಿ. ಕೇಳುವುದಕ್ಕೆ ಇವೆರಡೂ ಒಳ್ಳೆಯ ಜಾಗಗಳಲ್ಲ. ತೊರೆಯ ಭೋರೆನ್ನುವ ಸದ್ದು ಮಿಕ್ಕೆಲ್ಲವನ್ನೂ ಮುಚ್ಚುತ್ತದೆ, ತುದಿಯಲ್ಲಿ ಗಾಳಿ ಮತ್ತು ಸೆಲ್ಫಿ. ತೊರೆ ದಾಟಿ ಮುಂದಿನ ತಿರುವಿನವರೆಗೆ ಹೋಗಿ. ಮಣ್ಣಿನ ದಿಬ್ಬವೋ ದೊಡ್ಡ ಬಂಡೆಯೋ ನೀರಿಗೂ ನಿಮಗೂ ನಡುವೆ ಬಂತೆಂದರೆ ಸದ್ದು ಥಟ್ಟನೆ ಇಳಿಯುವುದು ಗೊತ್ತಾಗುತ್ತದೆ. ಶೋಲಾ ಮತ್ತು ಹುಲ್ಲುಗಾವಲು ಕೂಡುವ ಅಂಚಿನಿಂದ ಕೊಂಚ ಒಳಗೆ, ದಾರಿಗೆ ತಾಗಿಕೊಂಡೇ ಒಂದು ಬಂಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡೂ ಲೋಕದ ಸದ್ದು ಅಲ್ಲಿ ಸೇರುತ್ತದೆ. ಮಳೆಗಾಲವಾದರೆ ಉಂಬಳಗಳ ಕಾಟ, ಲೀಚ್ ಸಾಕ್ಸ್ ಇಲ್ಲದೆ ಕೂರಲಾಗದು.

ಕೂತ ಮೊದಲ ಮೂರು ನಿಮಿಷ ನಿಮ್ಮದೇ ಏದುಸಿರು, ಎದೆಬಡಿತ. ಬಾಯಿ ತುಸು ತೆರೆದು ಉಸಿರಾಡಿದರೆ ಮೂಗಿನ ಸದ್ದು ಕಡಿಮೆಯಾಗುತ್ತದೆ. ನೀವು ಬಂದದ್ದರಿಂದ ಸುಮ್ಮನಾದ ಹಕ್ಕಿಗಳು ಆಮೇಲೆ ಒಂದೊಂದಾಗಿ ಬಾಯಿಬಿಡುತ್ತವೆ. ಐದು ನಿಮಿಷಕ್ಕೇ ಎದ್ದುಹೋಗುವವರು ಸರಿಯಾಗಿ ಪರದೆ ಏಳುವ ಹೊತ್ತಿಗೆ ಹೊರಟುಬಿಡುತ್ತಾರೆ.

ಈಗ ಕಣ್ಣುಮುಚ್ಚಿ, ಎಲ್ಲಕ್ಕಿಂತ ದೂರದ ಸದ್ದು ಯಾವುದೆಂದು ಹುಡುಕಿ. ಅದನ್ನು ಹಿಡಿದ ಮೇಲೆ ನಿಧಾನವಾಗಿ ಹತ್ತಿರಕ್ಕೆ ಬನ್ನಿ, ಕೊನೆಗೆ ನಿಮ್ಮ ಕಾಲಬುಡದ ಎಲೆಯಡಿ ಹರಿದಾಡುವ ಹುಳದವರೆಗೆ. ಇನ್ನೊಂದು ರೀತಿಯೂ ಇದೆ. ಅಮೆರಿಕದ ಬರ್ನಿ ಕ್ರಾಸ್ ದಶಕಗಟ್ಟಲೆ ಕಾಡಿನ ಸದ್ದು ದಾಖಲಿಸಿದವರು. ಅವರು ಒಂದು ಜಾಗದ ಸದ್ದನ್ನು ಮೂರಾಗಿ ಬಿಡಿಸಿ ಕೇಳುತ್ತಾರೆ: ಗಾಳಿ, ನೀರು, ಮಳೆಯದು ಒಂದು, ಜೀವಿಗಳದ್ದು ಇನ್ನೊಂದು, ಮನುಷ್ಯರದ್ದು ಮತ್ತೊಂದು. ಜೀವಿಗಳ ಪದರದಲ್ಲಿ ಕೀಟ, ಕಪ್ಪೆ, ಹಕ್ಕಿ ಒಂದೊಂದೂ ತನ್ನದೇ ಸ್ಥಾಯಿ, ತನ್ನದೇ ಬಿಡುವು ಹಿಡಿದು ಕೂಗುತ್ತದೆ ಎಂಬುದು ಅವರ ವಾದ. ಕಿವಿಯ ಹಿಂದೆ ಎರಡೂ ಅಂಗೈಗಳನ್ನು ಬಟ್ಟಲಾಗಿಸಿ ಇಟ್ಟುಕೊಂಡು ತಲೆಯನ್ನು ಮೆಲ್ಲಗೆ ತಿರುಗಿಸಿ. ಸದ್ದು ನಿಜಕ್ಕೂ ಹೆಚ್ಚುತ್ತದೆ, ದಿಕ್ಕೂ ಸಿಗುತ್ತದೆ.

ತೊರೆಯ ಬಳಿ ಕೇಳಲಾಗದು ಅಂದೆ. ಅಲ್ಲಿ ನೋಡಬೇಕು. ಆ ಗದ್ದಲದಲ್ಲಿ ಬದುಕುವ ಒಂದು ಕಪ್ಪೆ ಕೂಗಿನ ಜೊತೆ ಬೇರೊಂದು ಉಪಾಯವನ್ನೂ ಬೆಳೆಸಿಕೊಂಡಿದೆ. ಮಳೆ ಇಳಿದು ನೀರು ತಿಳಿಯಾದ ಮೇಲೆ, ಒದ್ದೆ ಬಂಡೆಗಳನ್ನು ಕದಲದೆ ದಿಟ್ಟಿಸಿ. ಹೆಬ್ಬೆರಳಿನ ಅರ್ಧದಷ್ಟು ಉದ್ದದ, ಬಂಡೆಯ ಬಣ್ಣದ್ದೇ ಕಪ್ಪೆಯೊಂದು ಹಿಂಗಾಲನ್ನು ಮೆಲ್ಲಗೆ ಎತ್ತಿ, ಪಕ್ಕಕ್ಕೆ ಪೂರ್ತಿ ಚಾಚಿ, ಬೆರಳುಗಳನ್ನು ಬಿಡಿಸಿ ಜಾಲಪಾದ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ತುಸು ಹೊತ್ತಿಗೆ ಇನ್ನೊಂದು ಕಾಲು. ಇದು ಕುಣಿಯುವ ಕಪ್ಪೆ, ಮೈಕ್ರಿಕ್ಸಾಲಸ್ ಕುಲದ್ದು. ನೀರಿನ ಸದ್ದಿನಲ್ಲಿ ಕೂಗೊಂದೇ ಸಾಲದೆ ಗಂಡು ಕಾಲೆತ್ತಿ ಬಾವುಟದಂತೆ ಬೀಸುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಜಾತಿಯೇ ಇದೆ. 2014ರಲ್ಲಿ ಕಪ್ಪೆಗಳ ಸಂಶೋಧಕ ಎಸ್.ಡಿ. ಬಿಜು ಮತ್ತು ಸಂಗಡಿಗರು ಈ ಕುಲದ 14 ಹೊಸ ಜಾತಿಗಳನ್ನು ಪಶ್ಚಿಮಘಟ್ಟದಿಂದ ವರ್ಣಿಸಿದರು. ಈ ಕಪ್ಪೆಗಳು ಕೂರುವ ಬಂಡೆಗಳ ಮೇಲೇ ನಾವು ಬೂಟು ತೊಳೆಯುತ್ತೇವೆ. ದಾಟುವ ಜಾಗ ಬಿಟ್ಟು ತೊರೆಯೊಳಗೆ ಅಡ್ಡಾಡದಿದ್ದರೆ ಅವುಗಳಿಗೆ ದೊಡ್ಡ ಉಪಕಾರ.

ಯಾವ ಸದ್ದು ಯಾರದ್ದು

ಎಲ್ಲವನ್ನೂ ಗುರುತಿಸುವ ಹಠ ಬೇಡ. ಕೆಲವನ್ನು ತಿಳಿದುಕೊಂಡರೆ ಮಿಕ್ಕವು ತಾವಾಗಿ ಬೇರೆಯಾಗಿ ಕೇಳಿಸತೊಡಗುತ್ತವೆ.

ಬೆಳಕು ಹರಿಯುವ ಮುನ್ನ ತೊರೆಯ ಕಡೆಯಿಂದ ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹೋಗುತ್ತಿರುವಂತೆ ಕೇಳಿದರೆ ಅದು ಮಲಬಾರ್ ಸಿಳ್ಳಾರ. ರಾಗ ಏರುತ್ತದೆ, ಇಳಿಯುತ್ತದೆ, ನಡುವೆ ಮರೆತಂತೆ ನಿಲ್ಲುತ್ತದೆ. ಇಡೀ ಘಟ್ಟದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಸದ್ದಿಲ್ಲ. ಹೊತ್ತೇರಿದ ಮೇಲೆ ಕುಟುರ ಹಕ್ಕಿ ಕುಟ್ರೂ ಕುಟ್ರೂ ಎಂದು ಒಂದೇ ಸಮನೆ ಹಿಡಿಯುತ್ತದೆ, ಒಂದು ಶುರುಮಾಡಿದರೆ ಆಚೆಯ ಮರದಿಂದ ಇನ್ನೊಂದು ಜೊತೆಗೂಡುತ್ತದೆ. ಗಹಗಹಿಸಿ ನಕ್ಕಂತೆ ಕೇಳಿದರೆ ಮಲಬಾರ್ ಬೂದು ಮಂಗಟ್ಟೆ. ದೊಡ್ಡ ಮಂಗಟ್ಟೆಯನ್ನಾದರೆ ಅದರ ರೆಕ್ಕೆಯ ಸದ್ದಿನಿಂದಲೇ ಹಿಡಿಯಬಹುದು. ಅದರ ಹಾರುಗರಿಗಳ ಬುಡವನ್ನು ಕೆಳಗಿನ ಸಣ್ಣ ಗರಿಗಳು ಪೂರ್ತಿ ಮುಚ್ಚುವುದಿಲ್ಲ, ಆ ಸಂದಿಗಳಲ್ಲಿ ಗಾಳಿ ನುಗ್ಗಿ ಭುಸ್ ಭುಸ್ ಎನ್ನುತ್ತದೆ. ತಲೆಯೆತ್ತಿ ನೋಡುವಷ್ಟು ಸಮಯ ಸಿಗುತ್ತದೆ.

ಕಾಜಾಣದ ವಿಷಯದಲ್ಲಿ ಹುಷಾರು. ಅದು ಊರ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ. ಕೂಗು ಕೇಳಿ ಹಕ್ಕಿಯನ್ನು ಗುರುತಿಸುವ ಮರ್ಲಿನ್‌ನಂಥ ಆ್ಯಪ್ ಇಟ್ಟುಕೊಂಡವರು ಇಲ್ಲಿ ಮೋಸಹೋಗುವ ಸಾಧ್ಯತೆ ಇದೆ. ಆ್ಯಪ್ ಒಳ್ಳೆಯದೇ, ಮನೆಯಲ್ಲೇ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಆದರೆ ಮೊದಲು ಕಿವಿಗೆ ಕೆಲಸ ಕೊಡಿ, ಆ್ಯಪ್ ಆಮೇಲೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದಂತೂ ಬೇಡವೇ ಬೇಡ. ಗೂಡು ಕಾಯಬೇಕಾದ ಗಂಡು ಇಲ್ಲದ ಎದುರಾಳಿಯನ್ನು ಹುಡುಕಿ ಬರುತ್ತದೆ.

ಬಿಸಿಲೇರಿದಾಗ ಜೀರುಂಡೆಗಳು ಕಾಡನ್ನೇ ತುಂಬುತ್ತವೆ. ಗಂಡಿನ ಹೊಟ್ಟೆಯ ಎರಡು ಪಕ್ಕದಲ್ಲಿ ಗೀರುಗೀರಾದ ಪೊರೆಗಳಿವೆ, ಸ್ನಾಯು ಎಳೆದು ಬಿಟ್ಟಂತೆ ಅವು ಒಳಗೆ ಹೊರಗೆ ಉಬ್ಬಿ ಸದ್ದು ಹೊರಡುತ್ತದೆ. ಅದು ಒಮ್ಮೆಗೇ ನಿಂತರೆ ಗಮನಿಸಿ, ಯಾರೋ ಹಾದುಹೋಗುತ್ತಿದ್ದಾರೆ.

ನಿಶ್ಶಬ್ದವೇ ಅಪಾಯವಾಗುವ ಜಾಗ

ಇದನ್ನು ದಯವಿಟ್ಟು ಹಗುರಾಗಿ ಓದಬೇಡಿ. ಪುಷ್ಪಗಿರಿ, ಬ್ರಹ್ಮಗಿರಿ, ತಡಿಯಂಡಮೋಳ್ ಸುತ್ತಲಿನ ಕಾಡುಗಳಲ್ಲಿ ಆನೆಗಳಿವೆ, ಕಾಟಿಗಳಂತೂ (ಕಾಡುಕೋಣಗಳು) ಘಟ್ಟದ ಉದ್ದಕ್ಕೂ ಇವೆ. ಸ್ವಲ್ಪವೂ ಸುಳಿವು ಕೊಡದೆ ತಿರುವಿನಲ್ಲಿ ಎದುರಾಗುವ ಮನುಷ್ಯನಿಂದ ಅವು ಬೆಚ್ಚುತ್ತವೆ, ಬೆಚ್ಚಿದ ಪ್ರಾಣಿ ನುಗ್ಗುತ್ತದೆ. ಮುಂದಿನದು ಕಾಣದ ತಿರುವು, ಬಿದಿರು ಮೆಳೆ, ಆಳೆತ್ತರದ ಹುಲ್ಲು, ಮಂಜು ಕವಿದ ದಾರಿ ಬಂದರೆ ಕೆಮ್ಮಿ, ಕೋಲನ್ನು ನೆಲಕ್ಕೆ ತಟ್ಟಿ, ಸಹಜ ದನಿಯಲ್ಲಿ ಎರಡು ಮಾತಾಡಿ. ಅಲ್ಲಿ ಸದ್ದು ಮಾಡುವುದೇ ಮರ್ಯಾದೆ. ಗೈಡ್ ಮಾತಾಡಿ ಅಂದರೆ ಮಾತಾಡಿ, ಸುಮ್ಮನಿರಿ ಅಂದರೆ ಸುಮ್ಮನಿರಿ. ಅವರಿಗೆ ಆ ಜಾಗ ಗೊತ್ತು.

ಕೇಳುವ ಅಭ್ಯಾಸ ಇಲ್ಲಿ ಜೀವ ಉಳಿಸುತ್ತದೆ ಕೂಡ. ಗಾಳಿಯಿಲ್ಲದಾಗ ಲಟಕ್ಕನೆ ಕೊಂಬೆ ಮುರಿದ ಸದ್ದು, ಹೊಟ್ಟೆಯಾಳದ ಗುಡುಗು, ಕಿವಿ ಬೀಸುವ ಪಟಪಟ ಕೇಳಿದರೆ ಅಲ್ಲೇ ನಿಂತು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಆದರೆ ಸದ್ದಿಲ್ಲವೆಂದು ಆನೆಯಿಲ್ಲ ಅಂದುಕೊಳ್ಳುವಂತಿಲ್ಲ. ಆನೆಗಳ ಗುಡುಗಿನ ಒಂದು ಭಾಗ 20 ಹರ್ಟ್ಸ್‌ಗಿಂತ ಕೆಳಗಿದ್ದು ಮನುಷ್ಯನ ಕಿವಿಗೆ ನಿಲುಕುವುದೇ ಇಲ್ಲ. ಹಸಿ ಲದ್ದಿ, ಸಿಗಿದ ತೊಗಟೆಯನ್ನು ಕಣ್ಣೇ ಹುಡುಕಬೇಕು. ಮುಸುವನ ಖೊಕ್ ಖೊಕ್, ಕಡವೆಯ ಢಾಂಕ್, ಕಾಡುಕುರಿಯ ಬೊಗಳಿಕೆ ಬಿಟ್ಟೂಬಿಡದೆ ಬರುತ್ತಿದ್ದರೆ ಅವು ಬೇಟೆಗಾರ ಪ್ರಾಣಿಯನ್ನು ಕಂಡಿರಬಹುದು. ಆ ದಿಕ್ಕಿಗೆ ಕುತೂಹಲದಿಂದ ಹೋಗಬೇಡಿ. ಬ್ಯಾಗಿನ ಪಟ್ಟಿಗೆ ಒಂದು ಸೀಟಿ ಕಟ್ಟಿಕೊಂಡಿರಿ. ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ಬೇರೆ ಯಾತಕ್ಕೂ ಅದನ್ನು ಊದಬೇಡಿ.

ಗುಂಪು ಮತ್ತು ಸ್ಪೀಕರ್

ಗುಂಪು ನಾಲ್ಕೈದು ಜನ ದಾಟದಿರಲಿ. ದೊಡ್ಡ ಗುಂಪಾದರೆ ಎರಡಾಗಿ ಒಡೆದು, ಅರ್ಧ ಗಂಟೆ ಅಂತರದಲ್ಲಿ, ಪ್ರತಿ ಗುಂಪಿಗೂ ಗೈಡ್ ಇರುವಂತೆ ನೋಡಿಕೊಂಡು ಹೊರಡಿ. ಮಕ್ಕಳಿದ್ದರೆ ಸುಮ್ಮನಿರು ಅಂತ ಗದರಬೇಡಿ. ಹತ್ತು ಬೇರೆ ಬೇರೆ ಸದ್ದು ಹುಡುಕು ಅನ್ನಿ, ನಿಮಗಿಂತ ಚೆನ್ನಾಗಿ ಹುಡುಕುತ್ತವೆ.

ದಾರಿಯಲ್ಲಿ ಸ್ಪೀಕರ್ ಹಾಡು ಹಾಕಿಕೊಂಡು ಬರುವವರು ಸಿಕ್ಕೇ ಸಿಗುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಣಿಗಳನ್ನು ಕೆಣಕುವುದು, ಪೀಡಿಸುವುದು ಅಪರಾಧ. ಆದರೂ ಕಾಯ್ದೆಯಿಂದ ಮಾತು ಶುರುಮಾಡಿದರೆ ಜಗಳಕ್ಕೇ ಮುಗಿಯುತ್ತದೆ. ನಗುತ್ತ, "ಅಣ್ಣಾ, ಮುಂದೆ ಕಾಡೊಳಗೆ ಮಂಗಟ್ಟೆ ಕೂಗ್ತಾ ಇದೆ, ಸ್ವಲ್ಪ ಹೊತ್ತು ಹಾಡು ನಿಲ್ಸಿದ್ರೆ ನಿಮಗೂ ಕೇಳುತ್ತೆ" ಅನ್ನಿ, ಮಂಗಟ್ಟೆ ನಿಜವಾಗಿ ಕೂಗುತ್ತಿದ್ದರೆ ಮಾತ್ರ. ಹೆಚ್ಚಿನವರು ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಕೂತುಬಿಡಿ, ಅವರು ಕಾಲು ಗಂಟೆ ಮುಂದೆ ಹೋಗಲಿ, ಚೆಕ್‌ಪೋಸ್ಟಿನಲ್ಲಿ ವನಪಾಲಕರಿಗೆ ತಿಳಿಸಿ.

ತೈವಾನಿನ ಯಿಲಾನ್ ಪ್ರಾಂತ್ಯದಲ್ಲಿ ತ್ಸುಯಿಫೆಂಗ್ ಸರೋವರದ ಸುತ್ತಲಿನ ಬೆಟ್ಟದ ಕಾಲುದಾರಿಗೆ 2022ರಲ್ಲಿ ಕ್ವೈಟ್ ಪಾರ್ಕ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಜಗತ್ತಿನ ಮೊದಲ ನಿಶ್ಶಬ್ದ ಕಾಲುದಾರಿ ಎಂಬ ಮಾನ್ಯತೆ ಕೊಟ್ಟಿತು. ನಮ್ಮ ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ 2012ರಿಂದ ಯುನೆಸ್ಕೊ ವಿಶ್ವಪರಂಪರೆ ತಾಣಗಳ ಪಟ್ಟಿಯಲ್ಲಿವೆ. ದಿನಕ್ಕೆ ಎಷ್ಟು ಜನ ಅಂತ ಮಿತಿ ಹಾಕಿದ ಇಲಾಖೆ, ವಾರದಲ್ಲಿ ಒಂದು ದಿನವನ್ನಾದರೂ ನಾಲ್ಕು ಜನರ ಸಣ್ಣ ಗುಂಪುಗಳಿಗೇ ಮೀಸಲಿಡಬೇಕು ಎಂಬುದು ನನ್ನ ಬಲವಾದ ಆಸೆ.

ಸದ್ದನ್ನು ದಾಖಲಿಸುವುದು

ಮೊದಲಿಗೆ ಮೊಬೈಲೇ ಸಾಕು. ವಾಯ್ಸ್ ರೆಕಾರ್ಡರ್ ಆ್ಯಪ್‌ನಲ್ಲಿ ಎಂಪಿ3 ಬಿಟ್ಟು ಡಬ್ಲ್ಯೂಎವಿ (WAV) ಎಂಬ ಫೈಲ್ ಬಗೆಯನ್ನು ಆರಿಸಿ, 48 ಕಿಲೊಹರ್ಟ್ಸ್ ಇಡಿ, ಸದ್ದು ತಗ್ಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಅದು ಜೀರುಂಡೆಯನ್ನೂ ಗದ್ದಲವೆಂದು ಅಳಿಸುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳು ಕದಲಿದ್ದೂ ಸಿಡಿಲಿನಂತೆ ದಾಖಲಾಗುತ್ತದೆ. ಮಡಚಿದ ಬಟ್ಟೆಯ ಮೇಲೆ, ಗಾಳಿಗೆ ಬೆನ್ನು ಮಾಡಿದ ಬಂಡೆಯ ಮರೆಯಲ್ಲಿಟ್ಟು, ಗುಂಡಿ ಒತ್ತಿ ಹತ್ತು ಹೆಜ್ಜೆ ದೂರ ಹೋಗಿ ಕೂರಿ. ಐದು ನಿಮಿಷ ಬಿಡಿ. ನಿಲ್ಲಿಸುವ ಮುನ್ನ ದಿನಾಂಕ, ಹೊತ್ತು, ಜಾಗ, ಹವೆಯನ್ನು ಬಾಯಲ್ಲೇ ಹೇಳಿ, ಮನೆಗೆ ಬಂದ ಮೇಲೆ ಯಾವುದು ಎಲ್ಲಿಯದು ಅಂತ ಪರದಾಡುವುದು ತಪ್ಪುತ್ತದೆ. ಆಸಕ್ತಿ ಬೆಳೆದರೆ ತುಪ್ಪಳದ ಗಾಳಿತಡೆ ಇರುವ ಸಣ್ಣ ರೆಕಾರ್ಡರ್ ಕೊಳ್ಳಿ. ಆಡಿಯೊಮಾತ್‌ನಂಥ, ಮರಕ್ಕೆ ಕಟ್ಟಿ ದಿನಗಟ್ಟಲೆ ಬಿಟ್ಟುಬರುವ ಉಪಕರಣಗಳನ್ನು ಸಂಶೋಧಕರು ಬಳಸುತ್ತಾರೆ, ಅವನ್ನು ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಬಿಡುವಂತಿಲ್ಲ.

ಡೆಸಿಬೆಲ್ ತೋರಿಸುವ ಮೊಬೈಲ್ ಆ್ಯಪ್‌ಗಳನ್ನು ಹೋಲಿಕೆಗೆ ಮಾತ್ರ ಬಳಸಿ. ತೊರೆಯ ಪಕ್ಕ ಎಷ್ಟು, ತಿರುವು ದಾಟಿದ ಮೇಲೆ ಎಷ್ಟು ಎಂದು ನೋಡಲು ಅವು ಚೆನ್ನ. ತೀರಾ ನಿಶ್ಶಬ್ದವಾದ ಕಡೆ ಮೈಕಿನ ಸ್ವಂತ ಗುಂಯ್‌ಗುಡುವಿಕೆಯೇ ಅಂಕಿಯಾಗಿ ಕಾಣುತ್ತದೆ, ಅದನ್ನು ನಂಬಬೇಡಿ.

ಚೆನ್ನಾಗಿ ಬಂದ ಹಕ್ಕಿಯ ದಾಖಲೆಯನ್ನು ಝೀನೊ-ಕ್ಯಾಂಟೊ ತಾಣಕ್ಕೆ ಸೇರಿಸಬಹುದು, ಜಗತ್ತಿನ ಯಾರು ಬೇಕಾದರೂ ಅಲ್ಲಿ ಕೇಳುತ್ತಾರೆ. ನಿಮ್ಮ ಮಾತು, ಬೂಟಿನ ಸದ್ದು ಇರುವ ತುದಿಗಳನ್ನು ಕತ್ತರಿಸಿ, ಒಳಗಿನದನ್ನು ತಿದ್ದದೆ ಹಾಗೆಯೇ ಕಳುಹಿಸಿ. ಸಿಂಗಳೀಕದ ತಂಡವೋ ಮಂಗಟ್ಟೆಯ ಗೂಡಿನ ಮರವೋ ದಾಖಲೆಯಲ್ಲಿದ್ದರೆ ಜಾಗದ ನಿಖರ ಗುರುತು ಎಲ್ಲೂ ಹಾಕಬೇಡಿ. ವಾಟ್ಸಾಪ್ ಗುಂಪಿಗೆ ಹಂಚುವ ಮೊದಲು ಫೈಲಿನೊಳಗೆ ಜಿಪಿಎಸ್ ಸೇರಿದೆಯೇ ನೋಡಿ. ಜಿಲ್ಲೆಯ ಹೆಸರು, ತಿಂಗಳು, ಹೊತ್ತು ಇಷ್ಟಿದ್ದರೆ ಕೇಳುವವರಿಗೆ ಸಾಕಾಗುತ್ತದೆ. ಒಂದು ಪ್ರತಿಯನ್ನು ಜೊತೆಗೆ ಬಂದ ಗೈಡ್‌ಗೂ ಕಳುಹಿಸಿ. ಮುಂದಿನ ಗುಂಪನ್ನು ಅದೇ ತಿರುವಿನಲ್ಲಿ ನಿಲ್ಲಿಸಿ ಕೇಳಿಸುವವರು ಅವರೇ.